ಮಗ ಕತ್ತಲಾಗೋವರೆಗೂ ಕಿಕ್ ಮಾಡ್ತಾನೆ: ವಿಲ್ಕಿನ್ಸನ್ ಮಾಡಿದ್ದೂ ಇದನ್ನೇ ಅಲ್ವಾ?

ಪ್ರಶ್ನೆ: ನನ್ನ ಮಗನಿಗೆ ಹದಿನಾಲ್ಕು ವರ್ಷ. 2025ರಲ್ಲಿ ಟೀವಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನೋಡಿದಾಗಿನಿಂದ ರಗ್ಬಿ ಹುಚ್ಚು ಹಿಡಿದಿದೆ. ಇಂಗ್ಲೆಂಡಿನಲ್ಲಿರುವ ನನ್ನ ತಮ್ಮ ಅವನಿಗೆ ಜಾನಿ ವಿಲ್ಕಿನ್ಸನ್ ಎಂಬ ಆಟಗಾರನ ವಿಡಿಯೊ ಕಳಿಸುತ್ತಾ ಇರುತ್ತಾನೆ. ಈಗ ಇವನು ದಿನಾ ಸಂಜೆ ಮೈದಾನದಲ್ಲೇ, ಒಬ್ಬನೇ. ಒಂದು ಕಿಕ್ ತಪ್ಪಿದರೆ ಮತ್ತೆ ಮೊದಲಿಂದ ಎಣಿಕೆ. ಊಟಕ್ಕೆ ಕರೆದರೆ ‘ವಿಲ್ಕಿನ್ಸನ್ ಹೀಗೇ ಮಾಡ್ತಿದ್ದದ್ದು’ ಅಂತಾನೆ. ಆ ಆಟಗಾರ ನಿಜಕ್ಕೂ ಅಷ್ಟು ದೊಡ್ಡವರಾ? ಗಾಯವಾಗಿ ವರ್ಷಗಟ್ಟಲೆ ಆಡಲೇ ಇಲ್ಲ ಅಂತಲೂ ಓದಿದೆ. ಮಗನನ್ನು ತಡೆಯಬೇಕಾ, ಬಿಡಬೇಕಾ?

ಉತ್ತರ: ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ವಿಲ್ಕಿನ್ಸನ್ ಹೀಗೇ ಮಾಡುತ್ತಿದ್ದರು. ಸಾಲಾಗಿ ಇಷ್ಟು ಕಿಕ್ ಸರಿಯಾಗಿ ಹೋಗಬೇಕು ಅಂತ ತಮಗೆ ತಾವೇ ಲೆಕ್ಕ ಹಾಕಿಕೊಳ್ಳುತ್ತಿದ್ದರು. ಒಂದು ತಪ್ಪಿದರೆ ಮತ್ತೆ ಒಂದರಿಂದ ಶುರು. ಕ್ರಿಸ್‌ಮಸ್ ದಿನವೂ ಮೈದಾನಕ್ಕೆ ಹೋಗಿ ಕಿಕ್ ಮಾಡಿದವರು ಅವರು. ಆದರೆ ನಿಮ್ಮ ಮಗನ ಕೈಗೆ ಸಿಕ್ಕಿರುವುದು ಅರ್ಧ ಕಥೆ. ಉಳಿದರ್ಧವನ್ನು ವಿಲ್ಕಿನ್ಸನ್ ಆಮೇಲೆ ತಾವೇ ಬಾಯಿಬಿಟ್ಟು ಹೇಳಿದ್ದಾರೆ, ಅದನ್ನೂ ಅವನು ಕೇಳಬೇಕು. ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ರಗ್ಬಿ ಹೇಳಿಕೊಡುವವನು. ಇಂಥ ಹುಡುಗರನ್ನು ದಿನಾ ನೋಡುತ್ತೇನೆ. ಅದಕ್ಕೇ ನಿಮ್ಮ ಪತ್ರಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ.

ಮೊದಲು, ಅವರು ಅಷ್ಟು ದೊಡ್ಡವರಾ ಅನ್ನೋದು. ಹೌದು. ಇಂಗ್ಲೆಂಡ್ ಪರ 91 ಟೆಸ್ಟ್ (ರಗ್ಬಿಯಲ್ಲಿ ಟೆಸ್ಟ್ ಅಂದರೆ ಅಂತರರಾಷ್ಟ್ರೀಯ ಪಂದ್ಯ) ಆಡಿ 1179 ಅಂಕ ಗಳಿಸಿದರು. ಬ್ರಿಟನ್ ಮತ್ತು ಐರ್ಲೆಂಡಿನ ಆಯ್ದ ಆಟಗಾರರು ಒಂದಾಗಿ ಆಡುವ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡಕ್ಕೆ ಆಡಿದ 6 ಟೆಸ್ಟ್‌ಗಳಲ್ಲಿ ಇನ್ನೂ 67. ನಾಲ್ಕು ವಿಶ್ವಕಪ್ ಆಡಿ ಒಟ್ಟು 277 ಅಂಕ ಗಳಿಸಿದ್ದಾರೆ, ವಿಶ್ವಕಪ್‌ನಲ್ಲಿ ಅಷ್ಟು ಅಂಕ ಬೇರೆ ಯಾರೂ ಗಳಿಸಿಲ್ಲ. ಕ್ರಿಕೆಟ್ ನೋಡಿ ಬೆಳೆದ ನಮಗೆ ಈ ಸಂಖ್ಯೆಗಳು ಚಿಕ್ಕದಾಗಿ ಕಾಣಬಹುದು. ರಗ್ಬಿಯಲ್ಲಿ ಒಂದು ಪೆನಾಲ್ಟಿ ಕಿಕ್‌ಗೆ ಸಿಗೋದು 3 ಅಂಕ. ಚೆಂಡನ್ನು ಎದುರಾಳಿಯ ಗೋಲ್ ಗೆರೆಯಾಚೆ ನೆಲಕ್ಕೆ ತಾಗಿಸೋದು ಟ್ರೈ. ಅದಾದಮೇಲಿನ ಕಿಕ್‌ಗೆ, ಅಂದರೆ ಕನ್ವರ್ಷನ್‌ಗೆ, ಬರೀ 2. ಮೂರು, ಎರಡು, ಮೂರು ಅಂತ ಕೂಡಿಸುತ್ತಾ ಸಾವಿರ ದಾಟಬೇಕಾದರೆ ಎಷ್ಟು ಸಲ ಆ ಚೆಂಡಿನ ಹಿಂದೆ ಒಬ್ಬರೇ ನಿಂತಿರಬೇಕು, ಯೋಚಿಸಿ ನೋಡಿ.

ಹುಟ್ಟಿದ್ದು 1979ರ ಮೇ 25ರಂದು, ಇಂಗ್ಲೆಂಡಿನ ಸರ್ರೆ ಕೌಂಟಿಯ ಫ್ರಿಮ್ಲಿಯಲ್ಲಿ. ಓದುತ್ತಿದ್ದ ಶಾಲೆಯಲ್ಲಿ ಸ್ಟೀವ್ ಬೇಟ್ಸ್ ಎಂಬ ಹಳೆಯ ಆಟಗಾರ ಮೇಷ್ಟ್ರಾಗಿದ್ದರು. ಅವರೇ ಹುಡುಗನನ್ನು ನ್ಯೂಕ್ಯಾಸಲ್ ಕ್ಲಬ್‌ಗೆ ದಾಟಿಸಿದವರು. 1998ರ ಏಪ್ರಿಲ್‌ನಲ್ಲಿ ಐರ್ಲೆಂಡ್ ವಿರುದ್ಧ ಬದಲಿ ಆಟಗಾರನಾಗಿ ಅಂಗಳಕ್ಕಿಳಿದಾಗ ವಯಸ್ಸು 18. ಇಂಗ್ಲೆಂಡ್ ತಂಡಕ್ಕೆ 71 ವರ್ಷಗಳಲ್ಲಿ ಅಷ್ಟು ಚಿಕ್ಕವರು ಯಾರೂ ಆಡಿರಲಿಲ್ಲ. ಎರಡೇ ತಿಂಗಳ ನಂತರ ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಹದಿನೈದರಲ್ಲಿ ಜಾಗ ಸಿಕ್ಕಿತು. ಫಲಿತಾಂಶ ಏನು ಗೊತ್ತಾ? 76-0. ಆಸ್ಟ್ರೇಲಿಯಾ ಎಪ್ಪತ್ತಾರು, ಇಂಗ್ಲೆಂಡ್ ಸೊನ್ನೆ. ಹತ್ತೊಂಬತ್ತರ ಹುಡುಗನೊಬ್ಬ ಮನೆಗೆ ಓಡಿಹೋಗಬಹುದಾದ ಸೋಲು ಅದು. ವಿಲ್ಕಿನ್ಸನ್ ಅಭ್ಯಾಸ ಇನ್ನೂ ಜಾಸ್ತಿ ಮಾಡಿದರು.

ಅವರು ಆಡುತ್ತಿದ್ದ ಜಾಗಕ್ಕೆ ಫ್ಲೈ-ಹಾಫ್ ಅಂತಾರೆ. ಬೆನ್ನ ಮೇಲೆ 10ನೇ ನಂಬರ್. ಚೆಂಡು ಓಡಬೇಕಾ, ಪಾಸ್ ಆಗಬೇಕಾ, ಕಿಕ್ ಆಗಬೇಕಾ ಅಂತ ತೀರ್ಮಾನ ಮಾಡೋದು ಹತ್ತನೆಯವರು. ಸಾಮಾನ್ಯವಾಗಿ ಈ ಜಾಗದವರು ಮೈಮೇಲೆ ಬೀಳುವ ಕೆಲಸವನ್ನು ದೊಡ್ಡ ದೇಹದವರಿಗೆ ಬಿಡುತ್ತಾರೆ. ವಿಲ್ಕಿನ್ಸನ್ ಬಿಡಲಿಲ್ಲ. ತಮಗಿಂತ ಇಪ್ಪತ್ತು ಮೂವತ್ತು ಕಿಲೊ ಜಾಸ್ತಿ ಇರುವವರು ನುಗ್ಗಿ ಬಂದರೂ ಭುಜ ಕೊಟ್ಟು ಕೆಡವುತ್ತಿದ್ದರು. ಕಿಕ್ ವಿಡಿಯೊ ಮಾತ್ರ ನೋಡುವವರಿಗೆ ಇದು ಕಾಣೋದಿಲ್ಲ. ಮುಂದೆ ಅವರ ಮೈ ಕೊಟ್ಟ ಲೆಕ್ಕದಲ್ಲಿ ಈ ಟ್ಯಾಕಲ್‌ಗಳ ಪಾಲೂ ಇದೆ ಅಂತ ನಾನು ನಂಬಿದ್ದೇನೆ.

ಇನ್ನು ಆ ಕಿಕ್ ಬಗ್ಗೆ. ನಿಮ್ಮ ಮಗ ಕೈಗಳನ್ನು ಎದೆಯ ಮುಂದೆ ಜೋಡಿಸಿ, ಸ್ವಲ್ಪ ಬಾಗಿ ನಿಲ್ಲುತ್ತಾ ಇರಬೇಕು, ಅಲ್ವಾ? ನನ್ನ ಹತ್ತಿರ ಬರುವ ಮಕ್ಕಳಲ್ಲಿ ವಿಲ್ಕಿನ್ಸನ್ ಹೆಸರೇ ಕೇಳದವರೂ ಹಾಗೆ ನಿಲ್ಲುತ್ತಾರೆ, ಯಾರದೋ ವಿಡಿಯೊ ನೋಡಿ ಕಲಿತಿರುತ್ತಾರೆ. ಆ ನಿಲುವು ಸ್ಟೈಲ್‌ಗಾಗಿ ಬಂದದ್ದಲ್ಲ. ಹೊರಗಿನ ಗಲಾಟೆ ಒಳಗೆ ಬರದಂತೆ ಒಂದು ಬಾಗಿಲು ಹಾಕಿಕೊಳ್ಳುವ ವಿಧಾನ. ಅವರ ಕಿಕಿಂಗ್ ಕೋಚ್ ಡೇವ್ ಆಲ್ರೆಡ್ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದರು. ಗೋಲ್ ಕಂಬಗಳ ಹಿಂದೆ, ಪ್ರೇಕ್ಷಕರ ಸಾಲಿನಲ್ಲಿ ಡೋರಿಸ್ ಎಂಬ ಹೆಂಗಸು ಕೂತಿದ್ದಾಳೆ ಅಂದುಕೊಳ್ಳಬೇಕು. ಚೆಂಡು ಅವಳ ಮಡಿಲಿಗೇ ಹೋಗಿ ಬೀಳಬೇಕು. ಎರಡು ಕಂಬಗಳ ನಡುವಿನ ಖಾಲಿ ಜಾಗಕ್ಕೆ ಗುರಿ ಇಡೋದಕ್ಕೂ, ದೂರದಲ್ಲಿ ಕೂತ ಒಬ್ಬರ ಮಡಿಲಿಗೆ ಗುರಿ ಇಡೋದಕ್ಕೂ ಎಷ್ಟು ವ್ಯತ್ಯಾಸ! ನಾನು ಮಕ್ಕಳಿಗೆ ಹೇಳುವಾಗ ಡೋರಿಸ್ ಬದಲು ‘ಅಲ್ಲಿ ನಿಮ್ಮ ಅಜ್ಜಿ ಕೂತಿದ್ದಾರೆ’ ಅಂತೀನಿ. ಕಾಲು ತಾನಾಗಿಯೇ ಮೆತ್ತಗಾಗುತ್ತೆ, ಚೆಂಡು ನೆಟ್ಟಗೆ ಹೋಗುತ್ತೆ.

ಡ್ರಾಪ್ ಕಿಕ್ ಬೇರೆ. ನಿಮ್ಮ ಮಗ ಟೀವಿಯಲ್ಲಿ ನೋಡಿದ್ದು ಏಳು ಜನರ ಸೆವೆನ್ಸ್ ಆಟ. ಸೆವೆನ್ಸ್‌ನಲ್ಲಿ ಕನ್ವರ್ಷನ್ ಮಾಡೋದು ಡ್ರಾಪ್ ಕಿಕ್‌ನಲ್ಲಿ. ಹದಿನೈದು ಜನರ ಆಟದಲ್ಲಿ ಅದಕ್ಕೆ ಚೆಂಡನ್ನು ನೆಲದ ಮೇಲೆ ಟೀ ಅನ್ನುವ ಚಿಕ್ಕ ಆಸರೆ ಇಟ್ಟು ನಿಲ್ಲಿಸಬಹುದು. ಆದರೆ ಆಟ ನಡೆಯುತ್ತಿರುವಾಗಲೇ ಡ್ರಾಪ್ ಕಿಕ್ ಮಾಡಿ ಕಂಬಗಳ ನಡುವೆ ಹಾರಿಸಿದರೆ 3 ಅಂಕ. ಎರಡೂ ಕೈಯಲ್ಲಿ ಚೆಂಡು ಹಿಡಿಯಬೇಕು. ಮೊನೆ ಕೆಳಗೆ ಬರುವಂತೆ ಬಿಡಬೇಕು. ಅದು ನೆಲ ಮುಟ್ಟಿ ಮೇಲೇಳುವ ಕ್ಷಣಕ್ಕೆ ಕಾಲು ಅಲ್ಲಿರಬೇಕು. ಕಣ್ಣು ಮಿಟುಕಿಸುವಷ್ಟು ಮುಂಚೆ ಹೋದರೆ ಚೆಂಡು ಬೆರಳಿಗೆ ಸಿಕ್ಕಿ ನೆಲದಲ್ಲೇ ಉರುಳುತ್ತೆ, ತಡವಾದರೆ ಆಕಾಶಕ್ಕೆ. ನಮ್ಮ ಕೆಂಪು ಮಣ್ಣಿನ ಗಟ್ಟಿ ನೆಲದಲ್ಲಿ ಚೆಂಡು ಜಾಸ್ತಿ ಪುಟಿಯುತ್ತೆ. ಇಂಗ್ಲೆಂಡಿನ ಒದ್ದೆ ಹುಲ್ಲಲ್ಲಿ ಪುಟಿಯೋದೇ ಕಡಿಮೆ. ಹಾಗಾಗಿ ವಿಡಿಯೊದಲ್ಲಿ ಕಂಡ ಲಯವನ್ನೇ ಇಲ್ಲಿ ಹಿಡಿಯಲು ಹೋದರೆ ಮಗನಿಗೆ ಸಿಟ್ಟು ಬರುತ್ತೆ. ಇದು ಅವನ ತಪ್ಪಲ್ಲ ಅಂತ ಹೇಳಿ.

ವಿಲ್ಕಿನ್ಸನ್ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಇಂಥ 36 ಡ್ರಾಪ್ ಗೋಲ್ ಹೊಡೆದಿದ್ದಾರೆ. ಅದರಲ್ಲಿ ಒಂದನ್ನು ಇಡೀ ರಗ್ಬಿ ಲೋಕ ಮರೆತಿಲ್ಲ.

2003ರ ನವೆಂಬರ್ 22, ಸಿಡ್ನಿ. ವಿಶ್ವಕಪ್ ಫೈನಲ್, ಆಸ್ಟ್ರೇಲಿಯಾ ಅವರದೇ ನೆಲದಲ್ಲಿ. ಮಳೆ. ಚೆಂಡು ಸೋಪಿನಂತೆ ಜಾರುತ್ತಿದೆ. ಅದಕ್ಕೆ ಮುಂಚಿನ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಫ್ರಾನ್ಸನ್ನು 24-7ರಿಂದ ಸೋಲಿಸಿತ್ತು, ಆ ಇಪ್ಪತ್ನಾಲ್ಕೂ ಅಂಕ ವಿಲ್ಕಿನ್ಸನ್ ಅವರದೇ. ಆದರೆ ಫೈನಲ್‌ನಲ್ಲಿ ಅವರ ಡ್ರಾಪ್ ಗೋಲ್ ಪ್ರಯತ್ನಗಳು ಒಂದರ ಹಿಂದೊಂದು ತಪ್ಪಿದ್ದವು. 80 ನಿಮಿಷ ಮುಗಿದಾಗ 14-14. ಹೆಚ್ಚುವರಿ ಸಮಯದಲ್ಲಿ ವಿಲ್ಕಿನ್ಸನ್ ಪೆನಾಲ್ಟಿಯಿಂದ ಇಂಗ್ಲೆಂಡ್ ಮುಂದೆ ಹೋಯಿತು. ಕೊನೆಗೆ ಎರಡು ಮೂರು ನಿಮಿಷ ಇರುವಾಗ ಆಸ್ಟ್ರೇಲಿಯಾದ ಎಲ್ಟನ್ ಫ್ಲಾಟ್ಲಿ ಮತ್ತೆ ಸಮ ಮಾಡಿದರು. 17-17.

ಆಗ ಇಂಗ್ಲೆಂಡ್‌ಗೆ ಒಂದು ಲೈನ್-ಔಟ್ ಸಿಕ್ಕಿತು, ಅಂದರೆ ಹೊರಗೆ ಹೋದ ಚೆಂಡನ್ನು ಸಾಲಾಗಿ ನಿಂತ ಆಟಗಾರರತ್ತ ಎಸೆಯುವ ಅವಕಾಶ. ಸ್ಟೀವ್ ಥಾಂಪ್ಸನ್ ಚೆಂಡನ್ನು ಸಾಲಿನ ತೀರಾ ಹಿಂದೆ ನಿಂತಿದ್ದ ಲೂಯಿಸ್ ಮೂಡಿಗೆ ಎಸೆದರು. ಆ ಮಳೆಯಲ್ಲಿ ಅಷ್ಟು ದೂರ ಎಸೆಯೋದೇ ಸಾಹಸ. ಸ್ಕ್ರಮ್-ಹಾಫ್ ಮ್ಯಾಟ್ ಡಾಸನ್ ಸಂದಿಯಲ್ಲಿ ನುಗ್ಗಿ ಹತ್ತಿಪ್ಪತ್ತು ಮೀಟರ್ ಮುಂದೆ ಹೋಗಿ ಬಿದ್ದರು. ಈಗ ಡಾಸನ್ ಜನರ ರಾಶಿಯ ಕೆಳಗೆ. ಪಾಸ್ ಕೊಡಬೇಕಾದವರೇ ಅವರು. ಅವರು ಎದ್ದು ಬರುವಷ್ಟು ಹೊತ್ತು ಬೇಕಿತ್ತು. ನಾಯಕ ಮಾರ್ಟಿನ್ ಜಾನ್ಸನ್ ಚೆಂಡು ಹಿಡಿದು ಸುಮ್ನೆ ಎದುರಾಳಿಗಳ ಮೇಲೆ ಹೋಗಿ ಬಿದ್ದರು. ಆ ಎರಡು ಮೂರು ಸೆಕೆಂಡ್ ಸಾಕಾಯಿತು. ಡಾಸನ್ ಹಿಂದಕ್ಕೆ ಪಾಸ್ ಕೊಟ್ಟರು. ವಿಲ್ಕಿನ್ಸನ್ ನಿಂತಿದ್ದ ಕೋನಕ್ಕೆ, ಮೇಲೆ ಬೀಳಲು ಓಡಿ ಬರುತ್ತಿದ್ದವರ ಲೆಕ್ಕಕ್ಕೆ, ಎಡಗಾಲು ಸರಿಹೋಗುತ್ತಿರಲಿಲ್ಲ. ಅವರು ಎಡಗಾಲಿನ ಆಟಗಾರ. ಬಲಗಾಲಲ್ಲಿ ಹೊಡೆದರು. ಗಡಿಯಾರದಲ್ಲಿ ಉಳಿದಿದ್ದದ್ದು 26 ಸೆಕೆಂಡ್. ಚೆಂಡು ಕಂಬಗಳ ನಡುವೆ ಹೋಯಿತು. 20-17. ಉತ್ತರ ಗೋಳಾರ್ಧದ ತಂಡವೊಂದು ಅಲ್ಲಿಯವರೆಗೆ ವಿಶ್ವಕಪ್ ಗೆದ್ದಿರಲಿಲ್ಲ. 2023ರವರೆಗಿನ ವಿಶ್ವಕಪ್‌ಗಳಲ್ಲಿ ಇಂಗ್ಲೆಂಡ್ ಬಿಟ್ಟು ಉತ್ತರ ಗೋಳಾರ್ಧದ ಬೇರೆ ಯಾರೂ ಗೆದ್ದಿಲ್ಲ.

ನಾನು ಈ ವಿಡಿಯೊವನ್ನು ಮಕ್ಕಳಿಗೆ ತೋರಿಸುವಾಗ ಕಿಕ್ ಬರುವ ಮುಂಚೆ ನಿಲ್ಲಿಸುತ್ತೇನೆ. ಜಾನ್ಸನ್ ಹೋಗಿ ಬಿದ್ದದ್ದನ್ನು ನೋಡಿ ಅಂತೀನಿ. ಅದಕ್ಕೆ ಅಂಕವಿಲ್ಲ, ಚಪ್ಪಾಳೆಯಿಲ್ಲ. ಅದಿಲ್ಲದಿದ್ದರೆ ಆ ಕಿಕ್ಕೂ ಇಲ್ಲ. ನಿಮ್ಮ ಮಗ ಒಬ್ಬನೇ ಮೈದಾನದಲ್ಲಿ ಕಿಕ್ ಮಾಡುತ್ತಿದ್ದಾನೆ ಅಂತ ಬರೆದಿದ್ದೀರಿ. ನನಗೆ ಮೊದಲು ಚಿಂತೆಯಾದದ್ದು ಅಲ್ಲೇ. ಇದು ಜೊತೆಗಾರರು ಬೇಕಾದ ಆಟ.

ಈಗ ನಿಮ್ಮ ಎರಡನೇ ಪ್ರಶ್ನೆ, ಗಾಯ. ಸಿಡ್ನಿಯಿಂದ ಬಂದ ವಿಲ್ಕಿನ್ಸನ್‌ಗೆ 24 ವರ್ಷ. ಆ ವರ್ಷದ ಜಗತ್ತಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಬಂತು. ಇಂಗ್ಲೆಂಡಿನಲ್ಲಿ ಮನೆಯಿಂದ ಹೊರಗೆ ಕಾಲಿಡಲು ಆಗದಷ್ಟು ಹೆಸರು. ಆಮೇಲೆ ಮೈ ಒಂದೊಂದಾಗಿ ಕೈಕೊಡತೊಡಗಿತು. 2004ರಲ್ಲಿ ಕುತ್ತಿಗೆಗೆ ಶಸ್ತ್ರಚಿಕಿತ್ಸೆ. ಅದು ವಾಸಿಯಾಗಿ, ಇಂಗ್ಲೆಂಡ್ ನಾಯಕತ್ವ ಕೈಗೆ ಬಂತು ಅನ್ನುವಾಗ ತೋಳಿನ ಸ್ನಾಯುವಿಗೆ ಪೆಟ್ಟು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಂತರ ಮಂಡಿಯ ಲಿಗಮೆಂಟ್, ಅದು ವಾಸಿಯಾಗಿ ಬಂದ ಕೂಡಲೇ ಅದೇ ಮಂಡಿಗೆ ಮತ್ತೆ. ಅಪೆಂಡಿಕ್ಸ್. ತೊಡೆಸಂದಿಗೆ ಶಸ್ತ್ರಚಿಕಿತ್ಸೆ. 2006ರ ನವೆಂಬರ್‌ನಲ್ಲಿ ಮೂತ್ರಪಿಂಡಕ್ಕೇ ಗಾಯ. ನಡುವೆ 2005ರಲ್ಲಿ ಲಯನ್ಸ್ ತಂಡದ ಜೊತೆ ನ್ಯೂಜಿಲೆಂಡ್‌ಗೆ ಹೋಗಿ ಬಂದರು. ಆದರೆ ಇಂಗ್ಲೆಂಡಿನ ಬಿಳಿ ಅಂಗಿ ಮತ್ತೆ ಹಾಕಿಕೊಳ್ಳಲು ಆ ಫೈನಲ್‌ನಿಂದ 1169 ದಿನ ಬೇಕಾಯಿತು.

ಆ ದಿನ 2007ರ ಫೆಬ್ರುವರಿ 3. ಇಂಗ್ಲೆಂಡ್ ತಂಡದ ತವರು ಮೈದಾನ ಟ್ವಿಕನಮ್‌ನಲ್ಲಿ ಸ್ಕಾಟ್ಲೆಂಡ್ ವಿರುದ್ಧ ಕಲ್ಕತ್ತಾ ಕಪ್ ಪಂದ್ಯ. ಹೆಸರು ಕೇಳಿ ಆಶ್ಚರ್ಯವಾಯಿತಾ? ಇದರ ಕಥೆ ನಿಮ್ಮ ಮಗನಿಗೆ ಹೇಳಿ, ಖುಷಿಪಡುತ್ತಾನೆ. 1870ರ ದಶಕದಲ್ಲಿ ಕಲ್ಕತ್ತಾದಲ್ಲಿದ್ದ ಬ್ರಿಟಿಷರು ಒಂದು ರಗ್ಬಿ ಕ್ಲಬ್ ಕಟ್ಟಿದ್ದರು. ಕೆಲವೇ ವರ್ಷಗಳಲ್ಲಿ ಆಡುವವರು ಕಡಿಮೆಯಾಗಿ ಕ್ಲಬ್ ಮುಚ್ಚುವ ಹಾಗಾಯಿತು. ಬ್ಯಾಂಕಿನಲ್ಲಿ ಉಳಿದಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಲ್ಲೇ ತೆಗೆಸಿ, ಕರಗಿಸಿ, ಒಂದು ಕಪ್ ಮಾಡಿಸಿದರು. ಮೂರು ಹಿಡಿಗಳು ನಾಗರಹಾವಿನ ಆಕಾರ. ಮುಚ್ಚಳದ ಮೇಲೊಂದು ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆಡುತ್ತಿರುವುದು ನಮ್ಮ ದೇಶದ ಆ ರೂಪಾಯಿ ಬೆಳ್ಳಿಗಾಗಿ.

ಆ ಪಂದ್ಯದಲ್ಲಿ ವಿಲ್ಕಿನ್ಸನ್ 27 ಅಂಕ ಗಳಿಸಿದರು. ಟ್ರೈ, ಕನ್ವರ್ಷನ್, ಪೆನಾಲ್ಟಿ, ಡ್ರಾಪ್ ಗೋಲ್, ನಾಲ್ಕೂ ಬಗೆಯಲ್ಲಿ. ಇಂಗ್ಲೆಂಡ್ 42-20ರಿಂದ ಗೆದ್ದಿತು. ಟ್ರೈ ಹೊಡೆಯುವಾಗ ಅವರ ಕಾಲು ಮೈದಾನದ ಬದಿಯ ಗೆರೆಯಾಚೆ ತಾಗಿತ್ತು ಅಂತ ಮರುಪ್ರಸಾರ ನೋಡಿದವರಿಗೆ ಗೊತ್ತು. ಅದನ್ನೂ ಹೇಳಿಬಿಡೋಣ, ಮುಚ್ಚಿಡೋದು ಬೇಡ. ಅದೇ ವರ್ಷ ಇಂಗ್ಲೆಂಡ್ ಮತ್ತೆ ವಿಶ್ವಕಪ್ ಫೈನಲ್ ಮುಟ್ಟಿತು. ಕ್ವಾರ್ಟರ್‌ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 12-10ರಿಂದ ಸೋಲಿಸಿದಾಗ ಹನ್ನೆರಡೂ ಅಂಕ ಇವರ ಕಾಲಿನಿಂದಲೇ ಬಂದದ್ದು. ಪ್ಯಾರಿಸ್‌ನ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 15-6ರಿಂದ ಗೆದ್ದಿತು.

ಇದಿಷ್ಟು ಮೈಯ ಮಾತು. ಮನಸ್ಸಿನದು ಇನ್ನೂ ಮುಖ್ಯ, ಯಾಕಂದರೆ ನಿಮ್ಮ ಮಗನ ‘ಮತ್ತೆ ಮೊದಲಿಂದ’ ಅನ್ನೋದು ಸೇರೋದು ಅಲ್ಲಿಗೆ. ವಿಶ್ವಕಪ್ ಗೆದ್ದ ಖುಷಿ ಬಲುಬೇಗ ಕರಗಿಹೋಯಿತು ಅಂತ ವಿಲ್ಕಿನ್ಸನ್ ಹೇಳಿಕೊಂಡಿದ್ದಾರೆ. ಚಿಕ್ಕಂದಿನಿಂದಲೇ ತಪ್ಪು ಮಾಡುವ ಭಯ ಇತ್ತು. ಪಂದ್ಯದ ಮುಂಚೆ ಆತಂಕ. ಗಾಯದ ವರ್ಷಗಳಲ್ಲಿ ಅದು ಖಿನ್ನತೆಯ ಮಟ್ಟಕ್ಕೆ ಹೋಯಿತು. ಸಾಲಾಗಿ ಸರಿಯಾಗಿ ಹೋಗುವವರೆಗೂ ಮನೆಗೆ ಹೋಗಬಾರದು ಅನ್ನೋ ನಿಯಮ ಅವರನ್ನು ಗಟ್ಟಿ ಮಾಡಿತು, ನಿಜ. ಅದೇ ನಿಯಮ ಅವರಿಗೆ ಒಂದು ಸಂಜೆಯೂ ನೆಮ್ಮದಿ ಕೊಡಲಿಲ್ಲ. ಇದನ್ನು ಅವರು ನಾಚಿಕೆಯಿಲ್ಲದೆ, ವರ್ಷಗಳಿಂದ ಎಲ್ಲರ ಮುಂದೆ ಮಾತಾಡುತ್ತಾ ಬಂದಿದ್ದಾರೆ. ಬೌದ್ಧ ವಿಚಾರಗಳನ್ನು ಓದಿದ್ದು ತಮಗೆ ನೆರವಾಯಿತು ಅಂತಲೂ ಹೇಳಿದ್ದಾರೆ. ಅವರ 1179ಕ್ಕಿಂತ ಈ ಮಾತುಗಳಿಗಾಗಿಯೇ ನಾನು ಅವರನ್ನು ಜಾಸ್ತಿ ಗೌರವಿಸುತ್ತೇನೆ.

2009ರಲ್ಲಿ ಅವರು ನ್ಯೂಕ್ಯಾಸಲ್ ಬಿಟ್ಟು ಫ್ರಾನ್ಸಿನ ಟೂಲೋನ್‌ಗೆ ಹೋದರು. ಮೆಡಿಟರೇನಿಯನ್ ಸಮುದ್ರದ ದಂಡೆಯ ಬಂದರು ಊರು. ಮೇಯೋಲ್ ಮೈದಾನ ಊರೊಳಗೇ, ಹಡಗುಕಟ್ಟೆಯ ಪಕ್ಕದಲ್ಲೇ ಇದೆ. ‘ಪಿಲು ಪಿಲು’ ಅಂತ ಊರಿಗೆ ಊರೇ ಕೂಗಿ ಆಟ ಶುರುಮಾಡುವ ಜಾಗ ಅದು. ಇವರು ಮುಗಿದರು, ದುಡ್ಡಿಗೆ ಹೋಗುತ್ತಿದ್ದಾರೆ ಅಂದವರು ಇದ್ದರು. ವಿಲ್ಕಿನ್ಸನ್ ಫ್ರೆಂಚ್ ಕಲಿತರು, ಆ ತಂಡದ ನಾಯಕರಾದರು. ಇಂಗ್ಲೆಂಡ್ ಕಡೆಯ ಕೊನೆಯ ವರ್ಷ ಚೆನ್ನಾಗಿರಲಿಲ್ಲ. 2011ರ ವಿಶ್ವಕಪ್‌ನಲ್ಲಿ ಅವರ ಕಿಕ್‌ಗಳೇ ತಪ್ಪುತ್ತಿದ್ದವು. ಕನ್ವರ್ಷನ್‌ಗೆ ನಿಯಮ ಮೀರಿ ಚೆಂಡು ಬದಲಾಯಿಸಿದ್ದಕ್ಕೆ ಆಲ್ರೆಡ್ ಸೇರಿ ತಂಡದ ಇಬ್ಬರು ಸಿಬ್ಬಂದಿಗೆ ಒಂದು ಪಂದ್ಯದ ನಿಷೇಧವೂ ಆಯಿತು. ಆ ವರ್ಷದ ಕೊನೆಗೆ ಅಂತರರಾಷ್ಟ್ರೀಯ ಆಟ ಬಿಟ್ಟರು.

ಬಿಟ್ಟ ಮೇಲೆ ಆಡಿದ್ದೇ ಚೆಂದ. 2013ರ ಹೈನೆಕೆನ್ ಕಪ್ (ಯುರೋಪಿನ ಕ್ಲಬ್‌ಗಳ ಟೂರ್ನಿ) ಸೆಮಿಫೈನಲ್. ಎದುರಾಳಿ ಇಂಗ್ಲೆಂಡಿನ ಸರಾಸೆನ್ಸ್. ಜಾಗ ಟ್ವಿಕನಮ್, ಅಂದರೆ ಅವರ ಹಳೆಯ ಮನೆ. ಎದುರು ಹತ್ತನೇ ನಂಬರಿನಲ್ಲಿ ಹೊಸ ಪೀಳಿಗೆಯ ಓವನ್ ಫ್ಯಾರೆಲ್. ಟೂಲೋನ್ 24-12ರಿಂದ ಗೆದ್ದಿತು. ಇಪ್ಪತ್ನಾಲ್ಕೂ ವಿಲ್ಕಿನ್ಸನ್ ಅವರದೇ, ಆಗ ಅವರಿಗೆ ಇನ್ನೇನು 34 ತುಂಬುವುದರಲ್ಲಿತ್ತು. ಡಬ್ಲಿನ್‌ನ ಫೈನಲ್‌ನಲ್ಲಿ ಕ್ಲೆರ್‌ಮಾಂಟ್ ವಿರುದ್ಧ 16-15. ಮರುವರ್ಷ ಅದೇ ಕಪ್ ಮತ್ತೆ, ಸರಾಸೆನ್ಸ್ ವಿರುದ್ಧವೇ, 23-6. ಅದರ ಮರುದಿನ ಅವರಿಗೆ 35. ಒಂದು ವಾರ ಬಿಟ್ಟು, 2014ರ ಮೇ 31ರಂದು, ಫ್ರೆಂಚ್ ಲೀಗ್ ಫೈನಲ್‌ನಲ್ಲಿ ಕಾಸ್ಟ್ರ್ ವಿರುದ್ಧ 18-10. ಹದಿನೈದು ಅಂಕ ಅವರ ಕಾಲಿನಿಂದ. ಅದೇ ಅವರ ಕೊನೆಯ ಪಂದ್ಯ. ಆಮೇಲೆ ಟೀವಿಯಲ್ಲಿ ಆಟದ ವಿವರಣೆ, ಇಂಗ್ಲೆಂಡಿನ ಹುಡುಗರಿಗೆ ಕಿಕ್ ಪಾಠ. ಇಂಗ್ಲೆಂಡ್ ಪರ ಅತಿ ಹೆಚ್ಚು ಅಂಕದ ಆ 1179ರ ದಾಖಲೆಯನ್ನು 2023ರ ವಿಶ್ವಕಪ್‌ನಲ್ಲಿ ದಾಟಿದವರು ಅದೇ ಓವನ್ ಫ್ಯಾರೆಲ್.

ಮಗನನ್ನು ತಡೆಯಬೇಡಿ. ಆದರೆ ನಿಯಮ ಬದಲಾಯಿಸಿ. ‘ತಪ್ಪದೆ ಇಷ್ಟು’ ಅನ್ನೋದನ್ನು ತೆಗೆದು ‘ಒಟ್ಟು ಇಷ್ಟು’ ಅಂತ ಮಾಡಿ. ನನ್ನ ಹತ್ತಿರ ಬರುವ ಈ ವಯಸ್ಸಿನವರಿಗೆ ಒಂದು ಸಂಜೆಗೆ ಮೂವತ್ತು ಕಿಕ್, ವಾರಕ್ಕೆ ಮೂರು ದಿನ. ಅದರಲ್ಲಿ ಹತ್ತು ಅಭ್ಯಾಸವಿಲ್ಲದ ಇನ್ನೊಂದು ಕಾಲಿನಿಂದ. ಮೂವತ್ತನೆಯದು ತಪ್ಪಿದರೂ ಚೆಂಡು ಚೀಲಕ್ಕೆ. ಮೊದಮೊದಲು ಕೆಲವರು ಅಳುತ್ತಾರೆ. ಒಂದು ತಿಂಗಳಿಗೆ ಅಭ್ಯಾಸವಾಗುತ್ತೆ. ಹದಿನಾಲ್ಕು ಎಲುಬು ಬೆಳೆಯುವ ವಯಸ್ಸು. ಮಂಡಿಚಿಪ್ಪಿನ ಕೆಳಗೆ ಅಥವಾ ತೊಡೆಸಂದಿಯಲ್ಲಿ ನೋವು ಅಂದರೆ ‘ಆಡ್ತಾ ಆಡ್ತಾ ಹೋಗುತ್ತೆ’ ಅನ್ನಬೇಡಿ. ಕಿಕ್ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಹತ್ತಿರದಲ್ಲಿ ಮಕ್ಕಳು ರಗ್ಬಿ ಆಡುವ ಕಡೆ ಸೇರಿಸಿ, ಪಾಸ್ ಕೊಡುವವರು, ಹೋಗಿ ಬೀಳುವವರು ಅವನಿಗೆ ಬೇಕು. ಟ್ಯಾಕಲ್ ಮಾತ್ರ ಕೋಚ್ ಎದುರಿಗೇ ಕಲಿಯಲಿ, ವಿಡಿಯೊ ನೋಡಿ ಬೇಡ. ಒಂದು ಕಿಕ್ ತಪ್ಪಿದ್ದಕ್ಕೆ ರಾತ್ರಿ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ ಅನ್ನುವ ಹಾಗಿದ್ದರೆ ಅದನ್ನೂ ಮಂಡಿನೋವಿನಷ್ಟೇ ಗಂಭೀರವಾಗಿ ತಗೊಳ್ಳಿ.

ಇಂಗ್ಲೆಂಡಿನಲ್ಲಿರುವ ನಿಮ್ಮ ತಮ್ಮನಿಗೂ ಒಂದು ಮಾತು ಹೇಳಿ. 2003ರ ವಿಡಿಯೊ ಸಾಕು, ಇನ್ನು 2013ರ ಆ ಸೆಮಿಫೈನಲ್ ಕಳಿಸಲಿ. ಮಾವ ಒಂದು ಕಡೆ, ಸೋದರಳಿಯ ಇನ್ನೊಂದು ಕಡೆ, ಫೋನ್ ಹಚ್ಚಿಕೊಂಡು ಪೂರ್ತಿ 80 ನಿಮಿಷ ನೋಡಲಿ, ಬರೀ ಕಿಕ್‌ಗಳನ್ನಲ್ಲ.